ಎಡಕ್ಕೆ ಹದಿನಾಲ್ಕು, ಬಲಕ್ಕೆ ಹನ್ನೆರಡು

ಪ್ರೆಸ್ಸಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಅದರ ಮುಂದೆ ನಾನು ಕೂರುತ್ತಿದ್ದೆ. ಅಲ್ಲಿಂದ ಅಂಗಡಿ ಮುಚ್ಚುವವರೆಗೆ ಆಪಾ; ಅಕ್ಕ ಎಂಬರ್ಥದಲ್ಲಿ ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ನಾನು ಹರಿಹರದಿಂದ ಬಸ್ಸಿನಲ್ಲಿ ಬಂದು, ದಾವಣಗೆರೆಯ ಹಳೇ ಪೇಟೆಯ ಓಣಿಯಲ್ಲಿದ್ದ ಆ ಮಳಿಗೆಯ ಶಟರ್ ಅರ್ಧ ಎದ್ದಿರುವಾಗಲೇ ಬಗ್ಗಿ ಒಳಗೆ ಹೋಗುತ್ತಿದ್ದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿಗಳ ಬಿಲ್ಲುಪುಸ್ತಕ, ಆಗೊಮ್ಮೆ ಈಗೊಮ್ಮೆ ಕರಪತ್ರ, ಇಷ್ಟೇ ನಮ್ಮ ಕೆಲಸ. ಎಂ.ಎಸ್ಸಿ. ಮುಗಿಸಿ ಅತಿಥಿ ಉಪನ್ಯಾಸಕಿಯ ಕರೆಗೆ ಕಾಯುತ್ತಿದ್ದ ವರ್ಷ ಅದು. ಮನೆಯಲ್ಲಿ ಕುಳಿತು ಕಾಯುವುದಕ್ಕಿಂತ ಎಲ್ಲಾದರೂ ದುಡಿಯುತ್ತಾ ಕಾಯುವುದು ಒಳ್ಳೆಯದೆನಿಸಿತ್ತು. ಅರ್ಜಿ ಹಾಕಿರುವುದನ್ನು ಅಮ್ಮನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಸೇರಿದ ಮೊದಲ ವಾರದಲ್ಲೇ ಒಂದು ವಿಚಿತ್ರ ಗಮನಕ್ಕೆ ಬಂತು. ಹಿಂದಿನ ದಿನ ನಾನು ಬಿಟ್ಟುಹೋದ ಪರದೆ ಮರುದಿನ ಬೆಳಿಗ್ಗೆ ಬೇರೆಯೇ ಆಗಿರುತ್ತಿತ್ತು. ಚಿಹ್ನೆಗಳು ದಪ್ಪಗೆ ಊದಿಕೊಂಡು ಪರದೆಯನ್ನೆಲ್ಲ ಆಕ್ರಮಿಸಿರುತ್ತಿದ್ದವು. ಅಕ್ಷರಗಳ ಅಂಚು ಮಸುಕು. ಪತ್ರಿಕೆಯ ತಲೆಯ ಮೇಲಿನ ಗಣಪತಿ ಅಡ್ಡಡ್ಡಕ್ಕೆ ಹಿಗ್ಗಿ, ಎರಡು ಊಟ ಹೆಚ್ಚು ಮಾಡಿದವನಂತೆ ಕಾಣುತ್ತಿದ್ದ. ಯಾರೋ ಪರದೆಯ ರೆಸಲ್ಯೂಷನ್ ಇಳಿಸಿದ್ದರು. ಪರದೆಯ ಮೇಲೆ ಕಾಣುವುದೆಲ್ಲ ಚುಕ್ಕೆಗಳಿಂದ ಆದದ್ದು. ಚುಕ್ಕೆ ಹೆಚ್ಚಿದ್ದಷ್ಟೂ ಅಕ್ಷರ ಸಣ್ಣದು, ಆದರೆ ಚೊಕ್ಕ; ಚುಕ್ಕೆ ಕಡಿಮೆ ಮಾಡಿದರೆ ಅಕ್ಷರ ದೊಡ್ಡದು, ಆದರೆ ಮಬ್ಬು. ನಮ್ಮದು ಅಗಲದ ಮಾನಿಟರ್. ಹಳೆಯ ಕಾಲದ ಚೌಕ ಮಾನಿಟರಿನ ಅಳತೆಯನ್ನು ಅದಕ್ಕೆ ಕೊಟ್ಟರೆ ಗಣಪತಿ ದಪ್ಪಗಾಗದೆ ಬೇರೆ ದಾರಿಯಿಲ್ಲ.

ನಾನು ಸರಿಮಾಡಿದೆ. ಮರುದಿನ ಮತ್ತೆ ಹಾಗೆಯೇ ಇತ್ತು. ಮತ್ತೆ ಸರಿಮಾಡಿದೆ. ಇದು ಎಷ್ಟೋ ದಿನ ನಡೆಯಿತು. ಆಪಾ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರು ಫ್ಯಾನಿನ ವೇಗಕ್ಕಾಗಿ ಮಾತಿಲ್ಲದೆ ಜಗಳವಾಡುವಂತೆ ನಾವು ಚುಕ್ಕೆಗಳಿಗಾಗಿ ಆಡುತ್ತಿದ್ದೆವು.

ಆಪಾ ಐವತ್ತು ದಾಟಿದವರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಹೆಣ್ಣುಮಕ್ಕಳಿಬ್ಬರ ಮದುವೆ ಮುಗಿದ ಮೇಲೆ, ಹೊಲಿಗೆ ಯಂತ್ರ ಬಿಟ್ಟು ಕನ್ನಡ ಟೈಪಿಂಗ್ ಕಲಿತು ಇಲ್ಲಿಗೆ ಬಂದಿದ್ದರು. ಬುರ್ಖಾ ಕಳಚಿ ಗೋಡೆಯ ಮೊಳೆಗೆ ಹಾಕಿ, ಕುರ್ಚಿಯನ್ನು ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಸರಿಸಿ ಕೂತರೆಂದರೆ ಬೆರಳು ನಿಲ್ಲುತ್ತಿರಲಿಲ್ಲ. ಅರ್ಧ ಗಂಟೆ ನಮ್ಮಿಬ್ಬರ ಹೊತ್ತು ಒಂದಾಗುತ್ತಿತ್ತು. ಹಿಂದಿನ ಮೇಜಿನ ಮೇಲೆ ಕಾರ್ಡಿನ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ಡಬ್ಬಿ ಬಿಚ್ಚುತ್ತಿದ್ದೆವು.

ಲಗ್ನಪತ್ರಿಕೆಯ ಅಂಗಡಿಯಲ್ಲಿ ಕೂರುವ ಮದುವೆಯಾಗದ ಹುಡುಗಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ನಿನ್ನ ಕಾರ್ಡು ಯಾವಾಗವ್ವ?" ಎಂದು ಬಂದವರೆಲ್ಲ ಕೇಳುವರು. ನಾನು ತಲೆ ತಗ್ಗಿಸಿ ಟೈಪು ಮಾಡುತ್ತಲೇ ಇರುತ್ತಿದ್ದೆ. ಒಮ್ಮೆ ಹದಡಿಯ ಹೆಂಗಸೊಬ್ಬರು ಪಟ್ಟುಬಿಡದೆ, ಯಾವ ಊರು, ಯಾವ ಮನೆತನ, ಎಷ್ಟು ವಯಸ್ಸು ಎಂದು ಹಿಡಿದಾಗ ಆಪಾ ಡಬ್ಬಿ ಮುಚ್ಚುತ್ತಾ ಅಲ್ಲಿಂದಲೇ ಹೇಳಿದರು:

"ಅಕ್ಕಾ, ಬಡಗಿ ಮನೀಗೆ ಹೋಗಿ ನಿನ್ನ ಮನೆ ಬಾಗಿಲು ಯಾವಾಗ ಮಾಡ್ತೀಯ ಅಂತ ಕೇಳ್ತೀರೇನ್ರಿ? ನಿಮ್ಮ ಬಾಗಿಲು ಹೆಂಗೆ ಬೇಕು, ಅದು ಹೇಳ್ರಿ."

ಹೆಂಗಸು ನಕ್ಕುಬಿಟ್ಟರು. ಆಪಾ ಆ ವಿಷಯ ಆಮೇಲೆ ನನ್ನ ಹತ್ತಿರ ಎತ್ತಲೂ ಇಲ್ಲ, ನನ್ನ ಬಗ್ಗೆ ತಾವೂ ಏನೂ ಕೇಳಲಿಲ್ಲ. ನನಗೆ ಅವರು ಹಿಡಿಸಿದ್ದು ಅಂದಿನಿಂದ.

ಒಂದು ದಿನ ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿ ಪ್ರಮಾಣಪತ್ರದ ಕೆಲಸವಿತ್ತು. ಊಟದ ಹೊತ್ತು ಕಳೆದ ಮೇಲೆ ಬಂದು, ಉಳಿದ ತಿದ್ದುಪಡಿ ಹೇಳಿಕೊಡಲು ಆಪಾ ಪಕ್ಕದಲ್ಲಿ ಕೂತೆ. ಅವರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದ್ದು ಆಗಲೇ. ಹೆಸರುಗಳ ಸಾಲೊಂದನ್ನು ಆಯ್ದುಕೊಂಡು ಫಾಂಟ್ ಸೈಜನ್ನು ಹದಿನಾಲ್ಕರಿಂದ ಇಪ್ಪತ್ತನಾಲ್ಕಕ್ಕೆ ಏರಿಸುವರು. ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರ ಓದಿ ತಿದ್ದುವರು. ಆಮೇಲೆ ಮತ್ತೆ ಹದಿನಾಲ್ಕಕ್ಕೆ ಇಳಿಸುವರು. ಆ ಸಂಖ್ಯೆ ಅವರಿಗೆ ಕಾಣುತ್ತಿರಲಿಲ್ಲ; ಬಾಣದ ಕೀಲಿಯನ್ನು ಲೆಕ್ಕವಿಟ್ಟು ಒತ್ತುತ್ತಿದ್ದರು. ಇಪ್ಪತ್ತನಾಲ್ಕು, ಹದಿನೆಂಟು, ಹದಿನಾಲ್ಕು. ರೆಸಲ್ಯೂಷನ್ ಇಳಿಸಿದ್ದರಿಂದ ಕೆಲವು ಸೂಚನೆಯ ಚೌಕಗಳು ಪರದೆಗಿಂತ ದೊಡ್ಡವಾಗಿ, 'ಸರಿ' ಎನ್ನುವ ಗುಂಡಿ ಕೆಳಗೆ ಎಲ್ಲೋ ಹೊರಗೆ ಉಳಿಯುತ್ತಿತ್ತು. ಆ ಗುಂಡಿ ಅಲ್ಲಿದೆ ಎಂಬ ನಂಬಿಕೆಯಲ್ಲೇ ಎಂಟರ್ ಒತ್ತುತ್ತಿದ್ದರು.

"ಪುಟಾನೇ ಜೂಮ್ ಮಾಡಬಹುದಲ್ಲ, ಆಪಾ?" ಎಂದೆ.

"ಜೂಮ್ ಮಾಡಿದ್ರೆ ಈ ಪರದೇಲಿ ಒಂದು ತುಂಡು ಉಳೀತೈತೆ ಬೇಟಾ. ಹೆಣ್ಣಿನ ಕಡೆ ಯಾವುದು, ಗಂಡಿನ ಕಡೆ ಯಾವುದು, ತಿಳಿಯಂಗಿಲ್ಲ." ನನ್ನ ಕಡೆ ನೋಡದೆ ಕೇಳಿದರು: "ಬೆಳಿಗ್ಗೆ ಸಣ್ಣದು ಮಾಡೋದು ನೀನೇ ಅಲ್ವಾ?"

"ಹೌದು."

"ನಂಗೆ ಅದು ಇರುವೆ ಸಾಲು. ಹೋಗ್ತಾ ಐತೆ ಅಂತ ಗೊತ್ತಾಗ್ತೈತೆ, ಎಲ್ಲಿಗೆ ಅಂತ ಗೊತ್ತಾಗಂಗಿಲ್ಲ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಂ.ಸಿ.ಸಿ. ಬಡಾವಣೆಯ ಕಣ್ಣಿನ ಡಾಕ್ಟರು ಆಪರೇಷನ್ ಮಾಡಿಸಬೇಕೆಂದು ಹೇಳಿ ಎಷ್ಟೋ ತಿಂಗಳಾಗಿತ್ತು. ಮಾಡಿಸಿದರೆ ಕೆಲವು ವಾರ ಪರದೆಯ ಮುಂದೆ ಕೂರುವಂತಿಲ್ಲ. ಅಷ್ಟು ರಜೆ ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಕುರ್ಚಿ ಹೋಗುತ್ತದೆ. ಇದು ಆಪಾ ಲೆಕ್ಕ. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಗಂಡಸಿಗೂ ಹೀಗೇ ಕಣ್ಣು ಮಂಜಾಗಿತ್ತಂತೆ. ಮೊದಲು ಅವರನ್ನು ಹಿಂದಿನ ಮೇಜಿಗೆ, ಕಾರ್ಡನ್ನು ಲಕೋಟೆಗೆ ಹಾಕುವ ಕೆಲಸಕ್ಕೆ ಕೂರಿಸಿದರು. ಯಾರೂ ಹೋಗು ಎನ್ನಲಿಲ್ಲ. ಒಂದು ದಿನ ಅವರೇ ಬರುವುದನ್ನು ನಿಲ್ಲಿಸಿದರು.

"ಅಣ್ಣಾರಿಗೆ ಹೇಳಬ್ಯಾಡ," ಎಂದರು ಆಪಾ. ಅಣ್ಣಾರು ಎಂದರೆ ಪ್ರೆಸ್ಸಿನ ಮಾಲೀಕರು.

ಹೇಳುವುದಿಲ್ಲ ಎಂದೆ. ಇನ್ನೊಬ್ಬರ ವಿಷಯವನ್ನು ಮೂರನೆಯವರಿಗೆ ಮುಟ್ಟಿಸುವುದು ನನ್ನ ಸ್ವಭಾವದಲ್ಲೂ ಇಲ್ಲ.

ಆ ದಿನದಿಂದ ಮಧ್ಯಾಹ್ನ ಕುರ್ಚಿಯಿಂದ ಏಳುವ ಮೊದಲು ಪರದೆಯನ್ನು ನಾನೇ ದೊಡ್ಡದು ಮಾಡಿಟ್ಟು ಏಳುತ್ತಿದ್ದೆ. ರೆಸಲ್ಯೂಷನ್ ಮುಟ್ಟದೆ ಅಕ್ಷರಗಳನ್ನಷ್ಟೇ ಹಿಗ್ಗಿಸುವ ಹೊಸ ವ್ಯವಸ್ಥೆಯೊಂದು ಕಂಪ್ಯೂಟರಿನಲ್ಲಿ ಇರುತ್ತದೆ, ಅದನ್ನೂ ಪ್ರಯತ್ನಿಸಿದೆ. ನಮ್ಮ ಪುಟಕಟ್ಟುವ ಸಾಫ್ಟ್‌ವೇರ್ ಬಹಳ ಹಳೆಯದು. ಅದರ ಮೆನುಗಳು ಒಂದರ ಮೇಲೊಂದು ಏರಿ, ಪರಿಷೆಯಲ್ಲಿ ಸಿಕ್ಕಿಕೊಂಡ ಎತ್ತಿನಗಾಡಿಗಳಂತೆ ನಿಂತವು. ಮತ್ತೆ ಹಳೆಯ ದಾರಿಗೇ ಬಂದೆ.

ಹರಿಹರದಲ್ಲಿ ಅಮ್ಮನ ಫೋನಿನ ಅಕ್ಷರ ಮೊದಲಿನಿಂದಲೂ ಎಲ್ಲಕ್ಕಿಂತ ದೊಡ್ಡ ಅಳತೆಯಲ್ಲಿದೆ. ಒಂದು ಪರದೆಗೆ ನಾಲ್ಕು ಪದ ಹಿಡಿಯುತ್ತವೆ. ಅದನ್ನು ಮಾಡಿಕೊಟ್ಟವಳು ನಾನೇ. ಬಸ್ಸಿನಲ್ಲಿ ಅಮ್ಮ ಫೋನ್ ತೆಗೆದರೆ ಹಿಂದಿನ ಎರಡು ಸೀಟಿನವರೂ ಓದಬಹುದು. ಅಮ್ಮನಿಗೆ ಅದರ ಲಜ್ಜೆಯೇನೂ ಇಲ್ಲ. ಮನೆಯಲ್ಲಿ ಅಕ್ಷರ ದೊಡ್ಡದು ಮಾಡಿಕೊಡುವುದು ಒಂದು ಉಪಚಾರ. ಅದೇ ಅಕ್ಷರವನ್ನು ಆಪಾ ಬಾಗಿಲ ಕಡೆ ಕಣ್ಣಿಟ್ಟು, ಮಾಲೀಕರು ಬರುವ ಸದ್ದಾದರೆ ಬೇರೆ ಕಿಟಕಿ ತೆರೆದು ಮುಚ್ಚಿಡುತ್ತಿದ್ದರು. ಸಂಜೆ ಅಮ್ಮ ಕೈ ನೀಡಿ ಫೋನ್ ದೂರ ಹಿಡಿದು ಓದುವುದನ್ನು ನೋಡುವಾಗ ಆಪಾ ನೆನಪಾಗುತ್ತಿದ್ದರು.

ಆಮೇಲೆ ಮಾಯಕೊಂಡದವರ ಪತ್ರಿಕೆ ಬಂತು.

ನಮ್ಮ ಕಡೆಯ ಲಗ್ನಪತ್ರಿಕೆಯ ಕೆಳಭಾಗದಲ್ಲಿ ಎರಡು ಸಾಲು ಹೆಸರುಗಳಿರುತ್ತವೆ. ಎಡಕ್ಕೆ ಹೆಣ್ಣಿನ ಕಡೆಯ ಹಿರಿಯರು, ಬಲಕ್ಕೆ ಗಂಡಿನ ಕಡೆಯ ಹಿರಿಯರು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆ ಮಾವ, ಯಾರನ್ನೂ ಬಿಡುವಂತಿಲ್ಲ. ಎಷ್ಟೇ ಹೆಸರಿರಲಿ, ಎರಡೂ ಕಡೆಯ ಅಕ್ಷರದ ಗಾತ್ರ ಒಂದೇ ಇರಬೇಕು. ಮದುವೆ ಊಟದಲ್ಲಿ ಉಪ್ಪು ಕಡಿಮೆಯಾದರೆ ಜನ ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ. ಹೆಣ್ಣು ಹದಡಿಯದು, ಗಂಡು ಮಾಯಕೊಂಡದ್ದು. ಬೆಳಿಗ್ಗೆ ನಾನು ಪುಟ ಕಟ್ಟಿಕೊಟ್ಟೆ. ಮಧ್ಯಾಹ್ನ ಗಂಡಿನ ಕಡೆಯವರು ಫೋನಿನಲ್ಲಿ ಹೇಳಿದ ತಿದ್ದುಪಡಿಗಳನ್ನು ಆಪಾ ಮಾಡಿದರು. ಅದರ ಚಿತ್ರವನ್ನು ಎರಡೂ ಮನೆಗೆ ಮೊಬೈಲಿನಲ್ಲಿ ಕಳಿಸಿದೆವು, ಎರಡೂ ಮನೆಯಿಂದ ಒಪ್ಪಿಗೆ ಬಂತು, ಕಾರ್ಡು ಅಚ್ಚಾಗಿ ಹೋಯಿತು.

ಮೂರನೆಯ ದಿನ ಗಂಡಿನ ಸೋದರಮಾವ ಕಾರ್ಡಿನ ಡಬ್ಬವನ್ನು ಬಗಲಲ್ಲಿಟ್ಟುಕೊಂಡು ಒಳಗೆ ಬಂದರು. ಊಟದ ಹೊತ್ತು, ನಾವಿಬ್ಬರೂ ಅಲ್ಲೇ ಇದ್ದೆವು. ಮಾಲೀಕರ ಮುಂದೆ ಒಂದು ಕಾರ್ಡು ಬಿಚ್ಚಿಟ್ಟರು.

"ಇದನ್ನ ನೋಡ್ರಿ ಸಾಹುಕಾರ್ರೆ. ಹೆಣ್ಣಿನ ಕಡೆಯೋರು ಎಮ್ಮೆ, ನಾವು ಎಮ್ಮೆ ಮ್ಯಾಲಿನ ನೊಣ."

"ಮೊದ್ಲು ಕೂಡ್ರಿ. ಚಾ ಹೇಳ್ತೀನಿ," ಎಂದರು ಮಾಲೀಕರು.

"ಚಾ ಆಮೇಲೆ. ನಮ್ಮ ದೊಡ್ಡಪ್ಪನ ಹೆಸರು ಹುಡುಕೋಕೆ ದುರ್ಬೀನು ತರಬೇಕೇನ್ರಿ?"

"ಫೋನಿಗೆ ಕಳಿಸಿದ್ವಲ್ರಿ. ಸರಿ ಐತೆ ಅಂದೋರು ನೀವೇ."

"ಫೋನ್ನಾಗೆ ಯಾವನು ಇಡೀ ಕಾರ್ಡು ನೋಡ್ತಾನ್ರೀ? ಅವರವರ ಹೆಸರು ಎರಡು ಬೆರಳಾಗೆ ಎಳೆದು ದೊಡ್ಡದು ಮಾಡಿ ನೋಡಿದ್ವಿ. ಕಾಗುಣಿತ ಸರಿ ಐತೆ. ಮರ್ಯಾದೆ ಸರಿ ಇಲ್ಲ."

ಅವರು ಹೇಳಿದ್ದು ನಿಜ. ಫೋನಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ತುಂಡನ್ನು ಹಿಗ್ಗಿಸಿ ನೋಡಿದ್ದರು. ಹಿಗ್ಗಿಸಿದ ಮೇಲೆ ಎಲ್ಲರ ಹೆಸರೂ ದೊಡ್ಡದೇ. ಎಡ ಬಲ ಎರಡನ್ನೂ ಒಂದೇ ನೋಟಕ್ಕೆ ಕಂಡವರು ಒಬ್ಬರೂ ಇರಲಿಲ್ಲ. ಮಾಲೀಕರು ನನಗೆ ಫೈಲು ತೆಗೆಯಲು ಹೇಳಿ, ಪರದೆಗೆ ಬಗ್ಗಿ, ಓದಿದರು.

"ಎಡಕ್ಕೆ ಹದಿನಾಲ್ಕು. ಬಲಕ್ಕೆ ಹನ್ನೆರಡು."

"ನೋಡ್ರಿ ಮತ್ತೆ! ಮದುವಿ ಆಗೋಕಿಂತ ಮೊದ್ಲೇ ಬೀಗರ ಮುಂದೆ ಎರಡು ಮೆಟ್ಲು ಕೆಳಗಿಳಿಸಿಬಿಟ್ರಲ್ರಿ ನಮ್ಮನ್ನ."

ಏನಾಗಿದೆಯೆಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಇಪ್ಪತ್ತನಾಲ್ಕು, ಹದಿನೆಂಟು, ಹದಿನಾಲ್ಕು, ಹನ್ನೆರಡು. ಆಪಾ ಬೆರಳು ಒಂದು ಸಲ ಹೆಚ್ಚು ಒತ್ತಿತ್ತು. ಅವರ ಮಬ್ಬು ಪರದೆಯಲ್ಲಿ ಆ ಎರಡರ ನಡುವೆ ವ್ಯತ್ಯಾಸವೇ ಇರಲಿಲ್ಲ.

"ತಿದ್ದಿದ್ದು ನಾನು ಅಣ್ಣಾರೆ," ಎಂದರು ಆಪಾ, ಹಿಂದಿನ ಮೇಜಿನಿಂದ ಎದ್ದು ನಿಂತು. "ಕೈ ತಪ್ಪೈತೆ."

ಹೊಸದಾಗಿ ಅಚ್ಚು ಹಾಕಿಕೊಡುವುದೆಂದು ಮಾಲೀಕರು ಒಪ್ಪಿಕೊಂಡರು. ಸೋದರಮಾವ ಕೊನೆಗೆ ಚಹಾ ಕುಡಿದೇ ಹೋದರು. ಆದರೆ ಈ ಸಲ ಫೋನು ಗೀನು ಬೇಡ, ನಮ್ಮ ದೊಡ್ಡಪ್ಪನನ್ನೇ ಕರಕೊಂಡು ಬಂದು ಕಂಪ್ಯೂಟರಿನಲ್ಲೇ ನೋಡಿ ಹೋಗುತ್ತೇವೆ ಎಂದರು. ಅವರು ಹೋದ ಮೇಲೆ ಮಾಲೀಕರು ಕೂಗಾಡಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಮೇಜಿನ ಮೇಲಿನ ಕಾರ್ಡನ್ನು ಮಡಚುತ್ತಾ ಮೆತ್ತಗೆ ಹೇಳಿದರು:

"ಆಪಾ, ಇದೊಂದೇ ಅಲ್ಲ, ಹೋದ ತಿಂಗ್ಳು ಗೃಹಪ್ರವೇಶದ ಕಾರ್ಡಿನಾಗೂ ಒಂದು ಸಾಲು ದಪ್ಪ ಬಂದಿತ್ತು. ನಾನು ಮಾತಾಡ್ಲಿಲ್ಲ. ನಾಳಿಂದ ನೀವು ಹಿಂದಿನ ಟೇಬಲ್ ನೋಡ್ಕೊಳ್ರಿ. ಕಂಪ್ಯೂಟರ್ ಈ ಹುಡುಗೀನೇ ಮಾಡ್ಲಿ."

"ಆಯ್ತು," ಎಂದರು ಆಪಾ.

ಮರುದಿನ ಊಟಕ್ಕೆ ಕೂತಾಗ ಆಪಾ ಡಬ್ಬಿ ತೆರೆಯಲಿಲ್ಲ. ಮುಂದಿದ್ದ ಲಕೋಟೆಗಳ ಕಟ್ಟನ್ನು ಸುಮ್ಮನೆ ನೇರ ಮಾಡುತ್ತಿದ್ದರು. ನಾನು ಇನ್ನೊಬ್ಬರಿಗೆ ಬುದ್ಧಿ ಹೇಳುವವಳಲ್ಲ. ಆದರೂ ಹೇಳಿದೆ.

"ಕಣ್ಣಿನ ವಿಷಯ ಹೇಳಿಬಿಡಿ, ಆಪಾ. ನಿಮ್ಮದು ಅಜಾಗ್ರತೆ ಅಂದುಕೊಂಡಿದ್ದಾರೆ."

"ಅಂದುಕೊಳ್ಳಲಿ. ಮೈಮರೆತು ತಪ್ಪು ಮಾಡಿದಾಕಿ ನಾಳೆ ಮೈಮ್ಯಾಲೆ ಎಚ್ಚರ ಇಟ್ಕೊಂಡ್ರೆ ಕುರ್ಚಿ ವಾಪಸ್ ಸಿಗ್ತೈತೆ. ಕಣ್ಣು ಕಾಣ್ದೋಳಿಗೆ ಯಾರು ಕೊಡ್ತಾರೆ?"

"ಆಪರೇಷನ್ ಆದರೆ ಕಾಣುತ್ತಲ್ಲ."

"ಅದು ನಿನಗೆ ಗೊತ್ತು, ನಂಗೆ ಗೊತ್ತು. ಅಣ್ಣಾರಿಗೆ ಗೊತ್ತಿರೋದು ಹಿಂದಿನೋರ ಕಥೆ ಒಂದೇ. ಮನೇಲಿ ಕೂತ್ಕೊಂಡು ಏನು ಮಾಡ್ಲಿ ಬೇಟಾ? ಹೊಲಿಗೆಗೂ ಇದೇ ಕಣ್ಣು ಬೇಕು," ಎಂದರು.

ನನ್ನ ಅರ್ಜಿಯ ವಿಷಯವನ್ನು ನೆಂಟರಿಂದ ಮುಚ್ಚಿಟ್ಟ ನನ್ನ ಲೆಕ್ಕವೂ ಹೆಚ್ಚೂಕಡಿಮೆ ಇಂಥದೇ ಆಗಿತ್ತು: ಸಿಗದಿದ್ದರೆ ಯಾರಿಗೂ ತಿಳಿಯಬಾರದು. ಅವರ ಲೆಕ್ಕ ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮಾಯಕೊಂಡದವರು ಹೇಳಿದ ಮಾತಿನಂತೆ ಬಂದರು. ಸೋದರಮಾವ, ಗಂಡಿನ ತಾಯಿ, ಮತ್ತು ದೊಡ್ಡಪ್ಪ ಎನ್ನಿಸಿಕೊಂಡ ಆ ಅಜ್ಜ. ಬಿಳಿ ಪಂಚೆ, ತಲೆಗೆ ವಸ್ತ್ರ, ಕೈಯಲ್ಲಿ ಕೋಲು. ಮಾಲೀಕರು ಅಜ್ಜನನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಪರದೆಯಲ್ಲಿ ಪತ್ರಿಕೆ ಚೊಕ್ಕವಾಗಿ, ಎರಡೂ ಕಡೆ ಹದಿನಾಲ್ಕಾಗಿ, ನನಗೆ ಬೇಕಾದ ರೆಸಲ್ಯೂಷನ್ನಿನಲ್ಲಿ ನಿಂತಿತ್ತು.

"ನೋಡಜ್ಜ, ಎಲ್ಲಾ ಸಮ ಮಾಡ್ಯಾರೆ," ಎಂದರು ಸೋದರಮಾವ.

ಅಜ್ಜ ಬಹಳ ಹೊತ್ತು ನೋಡಿದರು. "ಯಾವುದು?" ಎಂದರು.

"ಅದೇ, ಕೆಳಗೆ. ನಿನ್ನ ಹೆಸರೇ ಮೊದ್ಲು ಐತೆ."

"ನಂಗೆ ಹಿಟ್ಟು ಚೆಲ್ಲಿದಂಗೆ ಕಾಣ್ತೈತೆ. ಇದ್ರಾಗೆ ನನ್ನ ಹೆಸರು ಎಲ್ಲಿ ಹುಡುಕ್ಲೋ? ದೊಡ್ಡದು ಮಾಡವ್ವ."

ನಾನು ಜೂಮ್ ಮಾಡಿದೆ. ಅಜ್ಜನ ಹೆಸರು ಕಂಡಿತು, ಎಡಗಡೆಯವರು ಪರದೆಯಾಚೆ ಹೋದರು. "ಆ ಕಡೆಯೋರು ಎಲ್ಲಿ ಹೋದ್ರು? ಜೊತೀಗೆ ತೋರ್ಸು. ಜೊತೀಗೆ ಇಲ್ದಿದ್ರೆ ಸಮ ಅಂತ ಹೆಂಗೆ ಹೇಳ್ಲಿ?" ಎಂದರು. ಸ್ವಲ್ಪ ಇಳಿಸಿದೆ. ಮತ್ತೆ ಹಿಟ್ಟು ಚೆಲ್ಲಿತು. ಎರಡು ಸಲ, ಮೂರು ಸಲ ಹೀಗೇ ಆಯಿತು. ಗಂಡಿನ ತಾಯಿ, "ಅವರಿಗೆ ಕಾಣಂಗಿಲ್ಲ, ನಾವೇ ನೋಡಿದ್ರೆ ಸಾಕು ಬಿಡ್ರಿ," ಎಂದರು. ಅಜ್ಜ ಕೋಲನ್ನು ನೆಲಕ್ಕೆ ಕುಟ್ಟಿ, "ಕಾಣಂಗಿಲ್ಲ ಅಂದ್ರೆ ಕಾಣೋ ಹಂಗೆ ಮಾಡ್ಬೇಕು. ಕಾಣ್ದೋನ ಬಿಟ್ಟು ಮುಂದಕ್ಕೆ ಹೋಗೋದಲ್ಲ," ಎಂದರು.

ಹಿಂದೆ ಲಕೋಟೆಯ ಸದ್ದು ನಿಂತಿತು. ಆಪಾ ಎದ್ದು ಬಂದು ನನ್ನ ಹೆಗಲ ಮೇಲಿನಿಂದ ಕೈ ನೀಡಿದರು. ಒಂದಾದ ಮೇಲೊಂದು ಕೀಲಿ ಒತ್ತಿದರು. ಪರದೆ ಒಂದು ಕ್ಷಣ ಕಪ್ಪಾಗಿ, ದಪ್ಪಗೆ ಹೊತ್ತಿಕೊಂಡಿತು. ಆಮೇಲೆ ಪುಟವನ್ನು ಕೆಳಕ್ಕೆ ಸರಿಸಿ, ಪರದೆಯ ಅಗಲಕ್ಕೆ ಹೆಸರುಗಳ ಎರಡು ಸಾಲು ಮಾತ್ರ ಬರುವಂತೆ ನಿಲ್ಲಿಸಿದರು. ಅಂಚು ಮಸುಕಾಗಿತ್ತು, ಅಕ್ಷರಗಳು ಅಡ್ಡಕ್ಕೆ ಹಿಗ್ಗಿದ್ದವು, ಆದರೆ ಎರಡು ಸಾಲೂ ಒಟ್ಟಿಗೆ ಇದ್ದವು.

ಅಜ್ಜ ಬೆರಳಿಟ್ಟು ಓದಿದರು. ಮೊದಲು ತಮ್ಮ ಹೆಸರು, ಆಮೇಲೆ ಅದರ ಎದುರಿನ ಹದಡಿಯ ಹಿರಿಯರ ಹೆಸರು.

"ಹಾಂ. ಈಗ ಸಮ ಐತೆ," ಎಂದರು. "ಶಾಣ್ಯಾ ಅದೀಯವ್ವ ನೀನು. ಈ ಉಪಾಯ ಯಾರು ಹೇಳಿಕೊಟ್ರು?"

ಮಾಲೀಕರೂ ಅದನ್ನೇ ಕೇಳುವವರಂತೆ ಆಪಾ ಕಡೆ ನೋಡಿದರು. ಆಪಾ ಕೈ ಹಿಂದಕ್ಕೆ ತೆಗೆದುಕೊಂಡರು. ಸುಮ್ಮನೆ ಹೋಗಿ ಕೂತುಬಿಡಬಹುದಿತ್ತು.

"ಯಾರೂ ಹೇಳಿಕೊಡ್ಲಿಲ್ಲ ಅಜ್ಜಾ. ನಂಗೂ ಹಿಂಗೆ ಮಾಡಿದ್ರೇ ಕಾಣೋದು. ಎರಡೂ ಕಣ್ಣಿಗೆ ಪೊರೆ ಐತೆ." ಆಮೇಲೆ ಮಾಲೀಕರ ಕಡೆ ತಿರುಗಿ, "ಅದಕ್ಕೇ ಹನ್ನೆರಡು ಆಗಿದ್ದು ಅಣ್ಣಾರೆ. ಮೈಮರೆತು ಅಲ್ಲ," ಎಂದರು.

ಮೊದಲು ಬಾಯಿ ತೆರೆದವರು ಅಜ್ಜ.

"ಅಷ್ಟೇನಾ? ಪೊರೆಗೆ ಯಾಕ ಅಷ್ಟು ಸಣ್ಣ ದನಿ ಮಾಡ್ತೀಯ? ನಮ್ಮ ಮನ್ಯಾಕಿಗೆ ಹೋದ ವರ್ಷ ತೆಗೆಸಿದ್ವಿ. ಈಗ ಅಕ್ಕಿಯಾಗಿನ ನುಸೀನೂ ಬಿಡಂಗಿಲ್ಲ, ನನ್ನ ಅಂಗಿ ಮ್ಯಾಲಿನ ಕಲೇನೂ ಬಿಡಂಗಿಲ್ಲ. ನಾನು ಬೇಕಂತ್ಲೇ ತೆಗೆಸಿಲ್ಲ. ಮನೀಗೆ ಅಂಥ ಕಣ್ಣು ಒಂದು ಜೊತಿ ಸಾಕು."

ಗಂಡಿನ ತಾಯಿ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. ಮಾಲೀಕರು ಮಾತ್ರ ನಗಲಿಲ್ಲ. ಬೀಳ್ಕೊಡುವಾಗ ಅಜ್ಜನನ್ನು ಮೆಟ್ಟಿಲು ಇಳಿಸುತ್ತಾ ಕೇಳಿದ್ದು ನನಗೆ ಕೇಳಿಸಿತು: "ತೆಗೆಸಿದ ಮ್ಯಾಲೆ ಓದೋಕೆ ಬರೆಯೋಕೆ ಆಗ್ತೈತೇನಜ್ಜ, ಖರೇ?"

"ಬಂದು ನೋಡು ಒಂದಿನ. ನಿನ್ನ ಅಂಗೀನೂ ಬಿಡಂಗಿಲ್ಲ ಆಕಿ."

ಅವರೆಲ್ಲ ಹೋದ ಮೇಲೆ ಮಾಲೀಕರು ಹಿಂದಿನ ಮೇಜಿನ ಹತ್ತಿರ ಬಂದು ಆಪಾ ಎದುರು ಕೂತರು. ನಾನು ಎದ್ದು ಹೊರಗೆ ಹೋಗಲು ನೋಡಿದೆ. ಆಪಾ ಕಣ್ಣಿನಲ್ಲೇ ಇರು ಎಂದರು.

"ಎಷ್ಟು ದಿನದಿಂದ?"

"ಬಾಳ ದಿನ ಆಯ್ತು."

"ನಂಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಈ ಟೇಬಲ್ಲಿಗೆ ಕಳಿಸ್ತಿದ್ರಿ."

"ಹೇಳ್ದಿದ್ರೂ ಕಳಿಸಿದ್ನಲ್ಲ!" ಎಂದರು ಮಾಲೀಕರು. ತಮ್ಮ ಮಾತು ತಮಗೇ ಕೇಳಿಸಿತೇನೋ, ಒಂದು ಲಕೋಟೆ ಎತ್ತಿಕೊಂಡು ಅದರ ಅಂಚನ್ನು ಉಗುರಿನಿಂದ ತೀಡಿದರು. ಈಗ ಸೀಸನ್ನು, ಆಪರೇಷನ್ನಿಗೆ ರಜೆ ಕೊಟ್ಟರೆ ಒಬ್ಬಳೇ ಹುಡುಗಿ ಎರಡು ಹೊತ್ತು ಹೆಂಗೆ ನಿಭಾಯಿಸುತ್ತಾಳೆ ಎಂದರು. ನಿಭಾಯಿಸುತ್ತೇನೆ ಎಂದೆ. ಕೇಳದೆ ಮಾತಾಡಿದ್ದಕ್ಕೆ ಇಬ್ಬರೂ ನನ್ನನ್ನು ನೋಡಿದರು.

"ಹಂಗೆ ಬ್ಯಾಡ," ಎಂದರು ಮಾಲೀಕರು ಕೊನೆಗೆ. "ಆಷಾಢ ಬರ್ಲಿ. ಆಷಾಢದಾಗೆ ಯಾರು ಮದುವಿ ಮಾಡ್ತಾರೆ? ಮಷಿನ್ ಸರ್ವೀಸೂ ಆವಾಗ್ಲೇ ಮಾಡ್ಸೋದು. ನಿಮ್ಮ ಕಣ್ಣೂ ಆವಾಗ್ಲೇ ಮಾಡ್ಸೋಣ."

"ಆಷಾಢ ನಮಗಿಲ್ಲ ಅಣ್ಣಾರೆ. ನಮ್ಮೋರ ಶಾದಿ ಕಾರ್ಡು ಬರ್ತಾವೆ."

"ಅವನ್ನ ಈಕಿ ಮಾಡ್ತಾಳೆ, ನೀವು ಮನ್ಯಾಗೆ ಕೂತು ಫೋನ್ನಾಗೆ ಬೈರಿ."

"ಕುರ್ಚಿ?"

ಮಾಲೀಕರ ತಲೆಯಲ್ಲೂ ಹಿಂದಿನ ಆ ಮನುಷ್ಯ ಬಂದು ಹೋದರೆಂದು ನನಗೆ ಅನಿಸಿತು. "ಕಂಡ್ರೆ ನಿಮ್ದೇ," ಎಂದರು. ಎದ್ದು ಎರಡು ಹೆಜ್ಜೆ ಹೋದವರು ನಿಂತು, "ಅಲ್ಲೀವರೆಗೂ ಕೂಡ್ರಿ ಅಲ್ಲೇ. ಪರದೆ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡ್ಕೊಳ್ರಿ. ಆದ್ರೆ ಕಾಗದದ ಪ್ರೂಫ್ ತೆಗೀದೆ ಒಂದು ಕಾರ್ಡೂ ಅಚ್ಚಿಗೆ ಹೋಗಬಾರ್ದು. ಫೋನಿಗೆ ಕಳಿಸೋದು ಸಾಕು," ಎಂದರು.

ಅಂದಿನಿಂದ ನಾನೂ ದೊಡ್ಡ ಪರದೆಯಲ್ಲೇ ಕೆಲಸ ಮಾಡಿದೆ. ಬೆಳಿಗ್ಗೆ ಬದಲಿಸುವುದನ್ನು ಬಿಟ್ಟೆ. ದಪ್ಪ ಗಣಪತಿಗೆ ಒಗ್ಗಿಕೊಂಡೆ. ಎರಡೂ ಸಾಲಿನ ಹೆಸರುಗಳಿಗೆ ಒಂದೇ 'ಸ್ಟೈಲ್' ಕಟ್ಟಿಕೊಟ್ಟೆ. ಅಂದರೆ ಹೆಸರಿನ ಗಾತ್ರವನ್ನು ಒಂದೇ ಕಡೆ ಬದಲಿಸಿದರೆ ಎಡ ಬಲ ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಒಬ್ಬರನ್ನು ಬಿಟ್ಟು ಒಬ್ಬರು ಇಳಿಯುವಂತಿಲ್ಲ. "ಎರಡು ಕೊಡಕ್ಕೆ ಒಂದೇ ಹಗ್ಗ," ಎಂದರು ಆಪಾ. ಅವರು ಹೆಸರುಗಳನ್ನು ಇಪ್ಪತ್ತನಾಲ್ಕು ಮಾಡಿ ಓದುವುದನ್ನು ಈಗ ಬಾಗಿಲಿನ ಕಡೆ ನೋಡದೆ ಮಾಡುತ್ತಿದ್ದರು. ಬಂದ ಗಿರಾಕಿಗಳು, "ಇದೇನ್ರಿ, ಗೋಡೆ ಮ್ಯಾಲೆ ಬರೆಯೋ ಕಾರ್ಡಾ?" ಎಂದರೆ, "ನಿಮ್ಮ ಹೆಸರು ದೊಡ್ಡದಾದ್ರೆ ನಿಮಗೇನ್ರಿ ಕಷ್ಟ?" ಎನ್ನುವರು.

ಮಾಲೀಕರು ಆಗಲೂ ಪೂರ್ತಿ ನಂಬಿದ್ದರೆಂದು ಹೇಳಲಾರೆ. ಆಪಾ ತೆಗೆದ ಪ್ರತಿ ಪ್ರೂಫನ್ನು ಅವರು ಬೆಳಕಿಗೆ ಹಿಡಿದು, ಎರಡು ಸಾಲಿನ ಮೇಲೂ ಅಳತೆಪಟ್ಟಿ ಇಟ್ಟು ನೋಡುತ್ತಿದ್ದರು. ಆಪಾ ಅದನ್ನು ಕಂಡೂ ಕಾಣದಂತಿದ್ದರು.

ಆಷಾಢದ ಮೊದಲ ವಾರ ಬಲಗಣ್ಣಿನ ಪೊರೆ ತೆಗೆದರು. ನಾನು ಅವರ ಮನೆಗೆ ಹೋಗಿದ್ದೆ. ಕರಿ ಕನ್ನಡಕ ಹಾಕಿ ಮಂಚದ ಮೇಲೆ ಕೂತು, ಶಾದಿ ಕಾರ್ಡಿನ ಪ್ರೂಫನ್ನು ಮಗಳ ಕೈಲಿ ಓದಿಸಿ ಎರಡು ತಪ್ಪು ಹಿಡಿದರು. ಎಡಗಣ್ಣು ಇನ್ನೂ ಉಳಿದಿತ್ತು.

ಶ್ರಾವಣದಲ್ಲಿ ಅವರು ಕೆಲಸಕ್ಕೆ ಮರಳಿದ ದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಎಂ.ಸಿ.ಸಿ. ಬಡಾವಣೆಯ ತಾಯಿ ಮಗಳು ಕಾರ್ಡಿನ ಮಾದರಿ ನೋಡಲು ಬಂದಿದ್ದರು. ಮಾಲೀಕರು ಆಪಾರನ್ನು ಕಂಡರು. ಗಿರಾಕಿ ಬರೆದುಕೊಟ್ಟ ಹೆಸರುಗಳ ಕಾಗದವನ್ನು ನನಗೆ ಕೊಡಲು ನೀಡಿದ ಕೈಯನ್ನು ಹಾಗೇ ತಿರುಗಿಸಿ ಅವರ ಮುಂದಿಟ್ಟರು. ನಾನು ಎದ್ದೆ. ಆಪಾ ಕೂತು, ಪರದೆ ನೋಡಿ, "ಅಯ್ಯೋ, ಇದೇನು ಇಷ್ಟು ದಪ್ಪ! ಸಣ್ಣದು ಮಾಡು," ಎಂದರು. ನನ್ನ ಹಳೆಯ ಅಳತೆಗೆ ಏರಿಸಿದೆ. "ಇಷ್ಟು ಬ್ಯಾಡ." ಒಂದು ಮೆಟ್ಟಿಲು ಇಳಿಸಿದೆ. ನಾವಿಬ್ಬರೂ ಹಿಂದೆಂದೂ ಇಟ್ಟಿರದ ಅಳತೆಯೊಂದರಲ್ಲಿ, "ಇಲ್ಲೇ ಇರ್ಲಿ," ಎಂದರು.

ಆಮೇಲೆ ಗೋಡೆಯ ಮೇಲೆ ಸಾಲಾಗಿ ಅಂಟಿಸಿದ ಕಾರ್ಡಿನ ಮಾದರಿಗಳ ಕಡೆ ತಿರುಗಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಮತ್ತೆ ಹಾಗೇ.

"ಬೇಟಾ, ಇದನ್ನ ನಾನು ಕೆನೆ ಬಣ್ಣ ಅಂತ ಎಲ್ಲರಿಗೂ ಹೇಳ್ತಿದ್ದೆ. ಬೆಳ್ಳಗೈತಲ್ಲ! ಈ ಕಣ್ಣಿಗೆ ಹಾಲು, ಈ ಕಣ್ಣಿಗೆ ಬೆಲ್ಲದ ನೀರು."

ಮಾದರಿ ನೋಡಲು ಬಂದಿದ್ದ ಆ ತಾಯಿ ಎರಡು ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. "ಯಾವ ಬಣ್ಣ ಚೆಂದ ಕಾಣ್ತೈತೆ, ನೀವೇ ಹೇಳ್ರಿ ಆಪಾ. ನೀವು ದಿನಾ ನೋಡೋರು," ಎಂದರು.

"ಎರಡು ನಿಮಿಷ ತಡೀರಿ," ಎಂದರು ಆಪಾ, ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು. "ನಾನೂ ಈಗ್ಲೇ ನೋಡ್ತಾ ಇದೀನಿ."